ಜವ ಬದಲಾಗದಿದ್ದರೂ ವೇಗೋತ್ಕರ್ಷ: ವೃತ್ತೀಯ ಚಲನೆಯನ್ನು ಹಂತಹಂತವಾಗಿ ಅರಿಯುವ ಬಗೆ

ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಚಲನೆಯ ಅಧ್ಯಾಯದ ಕೊನೆಗೆ ಏಕರೂಪ ವೃತ್ತೀಯ ಚಲನೆ ಒಂದೆರಡು ಪುಟದಲ್ಲಿ ಬಂದು ಹೋಗುತ್ತದೆ. ಪ್ರಥಮ ಪಿಯುಸಿಗೆ ಕಾಲಿಟ್ಟಾಗ ಅದೇ ವಿಷಯ ಸೂತ್ರಗಳ ಸಮೇತ ಎದುರು ನಿಲ್ಲುತ್ತದೆ. ಈ ಎರಡರ ನಡುವೆ ಎಲ್ಲೋ ಒಂದು ಕೊಂಡಿ ಕಳಚಿಕೊಂಡಿರುವುದರಿಂದ, ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೂ ‘ಒಂದೇ ಜವದಲ್ಲಿ ಸುತ್ತುವ ವಸ್ತುವಿಗೆ ವೇಗೋತ್ಕರ್ಷ ಎಲ್ಲಿಂದ ಬಂತು?’ ಎಂಬ ಸರಳ ಪ್ರಶ್ನೆಗೆ ತಡವರಿಸುತ್ತಾನೆ. ಆ ಕೊಂಡಿಯನ್ನು ಕಾಗದ, ಪೆನ್ಸಿಲ್ ಮತ್ತು ಒಂದಿಷ್ಟು ದಾರದ ನೆರವಿನಿಂದ ಮತ್ತೆ ಜೋಡಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಓದುವಾಗ ಪಕ್ಕದಲ್ಲಿ ಒಂದು ಗ್ರಾಫ್ ಹಾಳೆಯನ್ನು ಇಟ್ಟುಕೊಂಡಿರಬೇಕು. ಬರಿಯ ಓದಿನಿಂದ ಈ ವಿಷಯ ಕೈಹತ್ತುವುದಿಲ್ಲ.

ಮೊದಲ ಹೆಜ್ಜೆ: ಪದಗಳ ಗೊಂದಲವನ್ನು ಬಿಡಿಸಿಕೊಳ್ಳುವುದು

ದಿನಬಳಕೆಯ ಕನ್ನಡದಲ್ಲಿ ‘ವೇಗ’ ಎಂದರೆ ಎಷ್ಟು ಬೇಗ ಹೋಗುತ್ತಿದ್ದೇವೆ ಎಂಬುದಷ್ಟೇ. ಭೌತಶಾಸ್ತ್ರದ ಪುಸ್ತಕವಾದರೋ ಆ ಅರ್ಥವನ್ನು ‘ಜವ’ ಎಂಬ ಪದಕ್ಕೆ ಬಿಟ್ಟುಕೊಟ್ಟು, ‘ವೇಗ’ಕ್ಕೆ ದಿಕ್ಕನ್ನೂ ಕಟ್ಟಿಹಾಕಿದೆ. ಬಸ್ಸಿನ ಮೀಟರಿನ ಮುಳ್ಳು ತೋರಿಸುವುದು ಜವ. ‘ಉತ್ತರಕ್ಕೆ ಗಂಟೆಗೆ 36 ಕಿ.ಮೀ.’ ಎಂದರೆ ಅದು ವೇಗ. ಜವ ಅದಿಶ, ವೇಗ ಸದಿಶ. (ಜವ ಎಂದೊಡನೆ ಜವರಾಯನ ನೆನಪಾದರೆ ತಪ್ಪೇನಿಲ್ಲ. ತಿರುವಿನಲ್ಲಿ ಜವ ಮಿತಿಮೀರಿದರೆ ಇಬ್ಬರೂ ಹತ್ತಿರದ ನೆಂಟರೇ.)

ಇದಕ್ಕಿಂತ ದೊಡ್ಡ ತೊಡಕು ‘ವೇಗೋತ್ಕರ್ಷ’ ಎಂಬ ಪದದಲ್ಲಿಯೇ ಇದೆ. ವೇಗ ಮತ್ತು ಉತ್ಕರ್ಷ ಸೇರಿ ಆದ ಪದವಿದು. ಉತ್ಕರ್ಷ ಎಂದರೆ ಏರಿಕೆ, ಹೆಚ್ಚಳ. ಹೀಗಾಗಿ ಪದವನ್ನು ಕೇಳಿದ ತಕ್ಷಣ ಮನಸ್ಸು ‘ಜೋರಾಗುವುದು’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಪಾರಿಭಾಷಿಕ ಪದವನ್ನು ಕಟ್ಟಿದವರನ್ನು ದೂರುವ ಉದ್ದೇಶ ನನಗಿಲ್ಲ. ಆದರೆ ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಎಡವುವುದಕ್ಕೆ ಅರ್ಧ ಕಾರಣ ಈ ಪದದ ಒಡಲಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಹಾಳೆಯ ಮೇಲ್ಭಾಗದಲ್ಲಿ ಹೀಗೆ ಬರೆದಿಟ್ಟುಕೊಳ್ಳಿ: ವೇಗೋತ್ಕರ್ಷ ಎಂದರೆ ವೇಗದ ಬದಲಾವಣೆಯ ದರ. ವೇಗದಲ್ಲಿ ಪರಿಮಾಣವೂ ದಿಕ್ಕೂ ಇರುವುದರಿಂದ, ಈ ಎರಡರಲ್ಲಿ ಯಾವುದೊಂದು ಬದಲಾದರೂ ವೇಗೋತ್ಕರ್ಷ ಉಂಟಾಗುತ್ತದೆ.

ಎರಡನೆಯ ಹೆಜ್ಜೆ: ನೇರ ರಸ್ತೆಯ ಲೆಕ್ಕ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ನಿಲ್ದಾಣದಿಂದ ಹೊರಟ ಬಸ್ಸು 10 ಸೆಕೆಂಡಿನಲ್ಲಿ ಗಂಟೆಗೆ 54 ಕಿ.ಮೀ. ಜವವನ್ನು ಮುಟ್ಟಿತು ಎಂದುಕೊಳ್ಳಿ. ಗಂಟೆಯ ಲೆಕ್ಕವನ್ನು ಸೆಕೆಂಡಿಗೆ ತರಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು, 54 ಕಿ.ಮೀ. ಎಂಬುದು ಸೆಕೆಂಡಿಗೆ 15 ಮೀಟರ್ ಆಗುತ್ತದೆ. ಹತ್ತು ಸೆಕೆಂಡಿನಲ್ಲಿ 15 ಮೀ/ಸೆ ಬದಲಾವಣೆಯಾದ್ದರಿಂದ ಪ್ರತಿ ಸೆಕೆಂಡಿಗೆ 1.5 ಮೀ/ಸೆ, ಅಂದರೆ ವೇಗೋತ್ಕರ್ಷ 1.5 ಮೀ/ಸೆ². ಅದೇ ಬಸ್ಸು ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಂತರೆ ಉತ್ತರ ಋಣ 3 ಮೀ/ಸೆ². ಸೆಕೆಂಡಿನ ಮೇಲೆ ‘ವರ್ಗ’ ಏಕೆ ಬಂತು ಎಂದು ಹಲವರು ಬೆರಗಾಗುತ್ತಾರೆ. ಅದರಲ್ಲಿ ಗುಟ್ಟೇನೂ ಇಲ್ಲ, ‘ಸೆಕೆಂಡಿಗೆ ಇಷ್ಟು ಮೀಟರ್’ ಎಂಬುದೇ ‘ಪ್ರತಿ ಸೆಕೆಂಡಿಗೆ’ ಇಷ್ಟಿಷ್ಟು ಬದಲಾಗುತ್ತಿದೆ ಎಂಬುದರ ಸಂಕ್ಷಿಪ್ತ ಬರಹವದು.

ಮುಂದೆ ಹೋಗುವ ಮುನ್ನ ಒಂದು ಪರೀಕ್ಷೆ. ನೇರವಾಗಿ ಮೇಲಕ್ಕೆ ಎಸೆದ ಚೆಂಡು ತುತ್ತತುದಿಯನ್ನು ಮುಟ್ಟಿದ ಕ್ಷಣದಲ್ಲಿ ಅದರ ವೇಗ ಸೊನ್ನೆ. ಆ ಕ್ಷಣದ ವೇಗೋತ್ಕರ್ಷ ಎಷ್ಟು? ‘ಸೊನ್ನೆ’ ಎಂದು ನಿಮ್ಮ ಮನಸ್ಸು ಹೇಳಿದರೆ ಮೊದಲ ಹೆಜ್ಜೆಗೆ ಹಿಂತಿರುಗಬೇಕು. ತುದಿಗೆ ಬರುವ ತುಸು ಮುಂಚೆ ವೇಗ ಮೇಲ್ಮುಖವಾಗಿತ್ತು, ತುಸು ನಂತರ ಕೆಳಮುಖವಾಗಿದೆ, ಅಂದರೆ ಆ ಕ್ಷಣದಲ್ಲಿಯೂ ವೇಗ ಬದಲಾಗುತ್ತಲೇ ಇದೆ. ವೇಗೋತ್ಕರ್ಷ ಕೆಳಮುಖವಾಗಿ 9.8 ಮೀ/ಸೆ²ನಷ್ಟು ಇದ್ದೇ ಇದೆ. ವೇಗ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಹೇಗೆ ಬದಲಾಗುತ್ತಿದೆ ಎಂಬುದು ಬೇರೆಯದೇ ಪ್ರಶ್ನೆ. ಮುಂದಿನ ಲೆಕ್ಕವೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ಮೂರನೆಯ ಹೆಜ್ಜೆ: ಬಾಣ ಬರೆದು ಕಳೆಯುವುದು

ಊರಿನ ದೊಡ್ಡದೊಂದು ಸರ್ಕಲ್ಲನ್ನು ಕಣ್ಣ ಮುಂದೆ ತಂದುಕೊಳ್ಳಿ. ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ಸರ್ಕಲ್ಲನ್ನು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತವೆ. ಒಂದು ಕಾರು 40 ಮೀಟರ್ ತ್ರಿಜ್ಯದ ಹಾದಿಯಲ್ಲಿ, ಮೀಟರಿನ ಮುಳ್ಳು ಒಂದಿಷ್ಟೂ ಅಲುಗದಂತೆ ಸೆಕೆಂಡಿಗೆ 10 ಮೀಟರ್ ಜವದಲ್ಲಿ ಸುತ್ತುತ್ತಿದೆ. ಸರ್ಕಲ್ಲಿನ ಪಶ್ಚಿಮ ತುದಿಯಲ್ಲಿರುವಾಗ ಅದರ ಮುಖ ಉತ್ತರಕ್ಕೆ. ಕಾಲು ಸುತ್ತು ಮುಗಿಸಿ ಉತ್ತರ ತುದಿಗೆ ಬಂದಾಗ ಮುಖ ಪೂರ್ವಕ್ಕೆ.

ಈಗ ಗ್ರಾಫ್ ಹಾಳೆಯಲ್ಲಿ 2 ಮೀ/ಸೆಗೆ 1 ಸೆಂ.ಮೀ. ಎಂಬ ಅಳತೆಯನ್ನಿಟ್ಟುಕೊಂಡು ಒಂದು ಚುಕ್ಕಿಯಿಂದ ಉತ್ತರಕ್ಕೆ 5 ಸೆಂ.ಮೀ. ಬಾಣವನ್ನೂ, ಅದೇ ಚುಕ್ಕಿಯಿಂದ ಪೂರ್ವಕ್ಕೆ 5 ಸೆಂ.ಮೀ. ಬಾಣವನ್ನೂ ಎಳೆಯಿರಿ. ಎರಡು ಬಾಣಗಳ ಬಾಲಗಳು ಕೂಡಿರಬೇಕು ಎಂಬುದನ್ನು ಮರೆಯಬಾರದು. ಕಾರು ಬೇರೆ ಬೇರೆ ಜಾಗಗಳಲ್ಲಿ ಇದ್ದರೂ ವೇಗಗಳನ್ನು ಹೋಲಿಸುವಾಗ ಬಾಣಗಳನ್ನು ಒಂದೆಡೆಗೆ ಎತ್ತಿ ತಂದು ಜೋಡಿಸಬಹುದು. ಮೊದಲ ಬಾಣದ ಮೊನೆಯಿಂದ ಎರಡನೆಯ ಬಾಣದ ಮೊನೆಗೆ ಎಳೆದ ಮೂರನೆಯ ಬಾಣವೇ ವೇಗದ ಬದಲಾವಣೆ. ಅಳತೆಪಟ್ಟಿ ಇಟ್ಟು ನೋಡಿದರೆ ಅದು 7 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು, ಅಂದರೆ ಸುಮಾರು 14.1 ಮೀ/ಸೆ. ಜವದಲ್ಲಿ ಬದಲಾವಣೆ ಸೊನ್ನೆ, ವೇಗದಲ್ಲಿ ಬದಲಾವಣೆ ಜವಕ್ಕಿಂತಲೂ ಹೆಚ್ಚು! ಇಲ್ಲಿ ಒಂದು ಗಳಿಗೆ ನಿಂತು ಹಾಳೆಯನ್ನು ನೋಡಿ. ಸೂತ್ರದಿಂದ ಸಿಗದ ನಂಬಿಕೆ ಈ ಮೂರನೆಯ ಬಾಣದಿಂದ ಸಿಗುತ್ತದೆ.

ಆ ಬಾಣದ ದಿಕ್ಕನ್ನೂ ಗಮನಿಸಿ. ಅದು ಆಗ್ನೇಯಕ್ಕೆ ಮುಖ ಮಾಡಿದೆ. ಕಾರು ಸಾಗಿದ ಕಾಲು ಸುತ್ತಿನ ನಟ್ಟನಡುವಿನ ಜಾಗ ಸರ್ಕಲ್ಲಿನ ವಾಯವ್ಯದಲ್ಲಿದೆ. ಅಲ್ಲಿಂದ ಕೇಂದ್ರವಿರುವುದು ಆಗ್ನೇಯ ದಿಕ್ಕಿನಲ್ಲಿಯೇ. ವೇಗೋತ್ಕರ್ಷ ಕೇಂದ್ರಾಭಿಮುಖ ಎಂಬ ಮಾತು ಹೀಗೆ ಹಾಳೆಯ ಮೇಲೆ ತಾನಾಗಿ ಮೂಡಿಬರುತ್ತದೆ. ಅದನ್ನು ಯಾರೂ ಹೊರಗಿನಿಂದ ತಂದು ಹೇರಿದ್ದಲ್ಲ.

ಇನ್ನು ಕಾಲದ ಲೆಕ್ಕ. ಕಾಲು ಸುತ್ತಿನ ಕಂಸದ ಉದ್ದ 62.8 ಮೀಟರ್, ಅದನ್ನು ಕ್ರಮಿಸಲು 6.28 ಸೆಕೆಂಡ್ ಬೇಕು. 14.14ನ್ನು 6.28ರಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ 2.25 ಮೀ/ಸೆ² ಬರುತ್ತದೆ. ಆದರೆ ಇದು ಕಾಲು ಸುತ್ತಿನ ಸರಾಸರಿ. ನಮಗೆ ಬೇಕಾದದ್ದು ಒಂದು ಕ್ಷಣದ ಬೆಲೆ. ಆದ್ದರಿಂದ ತುಂಡನ್ನು ಚಿಕ್ಕದು ಮಾಡುತ್ತಾ ಹೋಗಬೇಕು. 60 ಡಿಗ್ರಿ ತಿರುವನ್ನು ತೆಗೆದುಕೊಂಡರೆ ಮೂರೂ ಬಾಣಗಳು ಸಮಬಾಹು ತ್ರಿಕೋನವಾಗಿ, ಬದಲಾವಣೆ ಸರಿಯಾಗಿ 10 ಮೀ/ಸೆ, ಕಾಲ 4.19 ಸೆಕೆಂಡ್, ಸರಾಸರಿ 2.39 ಮೀ/ಸೆ² ಆಗುತ್ತದೆ. 30 ಡಿಗ್ರಿಗೆ 2.47, 10 ಡಿಗ್ರಿಗೆ 2.497. ಬೆಲೆಗಳು 2.5ನ್ನು ಅಪ್ಪಿಕೊಳ್ಳಲು ಹೊರಟಿರುವುದು ಕಣ್ಣಿಗೆ ಕಾಣುತ್ತಿದೆ. ಜವದ ವರ್ಗವಾದ 100ನ್ನು ತ್ರಿಜ್ಯವಾದ 40ರಿಂದ ಭಾಗಿಸಿ ನೋಡಿ: 2.5.

ನಾಲ್ಕನೆಯ ಹೆಜ್ಜೆ: ಸೂತ್ರ, ಮತ್ತು ಅದರೊಳಗಿನ ವರ್ಗ

ವೇಗೋತ್ಕರ್ಷ = ಜವದ ವರ್ಗ ÷ ತ್ರಿಜ್ಯ. ಇದರ ಸಾಧನೆಗೆ ಎರಡು ಸಮರೂಪ ತ್ರಿಕೋನಗಳು ಸಾಕು. ಕೇಂದ್ರದಿಂದ ಕಾರಿನ ಎರಡು ಸ್ಥಾನಗಳಿಗೆ ಎಳೆದ ತ್ರಿಜ್ಯಗಳ ನಡುವಿನ ಕೋನವೂ, ಆ ಸ್ಥಾನಗಳಲ್ಲಿನ ವೇಗದ ಬಾಣಗಳ ನಡುವಿನ ಕೋನವೂ ಒಂದೇ. ಏಕೆಂದರೆ ಪ್ರತಿ ಸ್ಥಾನದಲ್ಲಿಯೂ ವೇಗವು ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಹಾಗಾಗಿ ವೇಗದ ಬದಲಾವಣೆಗೂ ಜವಕ್ಕೂ ಇರುವ ಅನುಪಾತವು, ಸಾಗಿದ ಪುಟ್ಟ ದೂರಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತಕ್ಕೆ ಸಮ. ಪುಟ್ಟ ದೂರವೆಂದರೆ ಜವ ಗುಣಿಸು ಕಾಲ. ಎರಡೂ ಬದಿಯನ್ನು ಕಾಲದಿಂದ ಭಾಗಿಸಿ ಜವದಿಂದ ಗುಣಿಸಿದರೆ ಸೂತ್ರ ಕೈಗೆ ಬರುತ್ತದೆ.

ವರ್ಗ ಏಕೆ ಬಂತು ಎಂಬುದನ್ನು ಮಾತಿನಲ್ಲಿಯೂ ಹೇಳಬಹುದು. ಜವ ಇಮ್ಮಡಿಯಾದರೆ ತಿರುಗಿಸಬೇಕಾದ ಬಾಣದ ಉದ್ದ ಇಮ್ಮಡಿಯಾಗುತ್ತದೆ. ಅದರ ಜೊತೆಗೆ ತಿರುವು ಅರ್ಧ ಕಾಲದಲ್ಲಿ ಮುಗಿಯುವುದರಿಂದ ಬಾಣ ತಿರುಗುವ ಚುರುಕೂ ಇಮ್ಮಡಿಯಾಗುತ್ತದೆ. ಎರಡೆರಡಲಿ ನಾಲ್ಕು.

ಒಂದು ಸುತ್ತಿಗೆ ಹಿಡಿಯುವ ಕಾಲ, ಅಂದರೆ ಆವರ್ತ ಕಾಲ ಗೊತ್ತಿದ್ದರೆ ಇದೇ ಸೂತ್ರವನ್ನು ಬೇರೆ ರೂಪದಲ್ಲಿ ಬರೆಯಬಹುದು: ವೇಗೋತ್ಕರ್ಷ = 4 × ಪೈ ವರ್ಗ × ತ್ರಿಜ್ಯ ÷ ಆವರ್ತ ಕಾಲದ ವರ್ಗ. ಪರೀಕ್ಷೆಗೆ ಓದುವವರು ಇಲ್ಲಿ ಗಾಬರಿಯಾಗುವುದುಂಟು: ಮೊದಲ ರೂಪದಲ್ಲಿ ತ್ರಿಜ್ಯ ಹೆಚ್ಚಾದರೆ ವೇಗೋತ್ಕರ್ಷ ಕಡಿಮೆ, ಎರಡನೆಯದರಲ್ಲಿ ಹೆಚ್ಚು, ಯಾವುದು ನಿಜ? ಎರಡೂ ನಿಜ. ಯಾವುದನ್ನು ಸ್ಥಿರವಾಗಿ ಹಿಡಿದಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕು. ಒಂದೇ ಜವದಲ್ಲಿ ಹೋಗುವ ಕಾರಿಗೆ ಹಿರಿದಾದ ತಿರುವು ಸಲೀಸು. ಆದರೆ ಸೀಲಿಂಗ್ ಫ್ಯಾನಿನ ರೆಕ್ಕೆಯಲ್ಲಿ ಬುಡಕ್ಕೂ ತುದಿಗೂ ಆವರ್ತ ಕಾಲ ಒಂದೇ ಆಗಿರುವುದರಿಂದ ತುದಿಗೇ ಹೆಚ್ಚು ವೇಗೋತ್ಕರ್ಷ. ಕೇಂದ್ರದಿಂದ 60 ಸೆಂ.ಮೀ. ದೂರದ ತುದಿ ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಅದರ ವೇಗೋತ್ಕರ್ಷ ಸುಮಾರು 590 ಮೀ/ಸೆ², ಅಂದರೆ ಗುರುತ್ವ ವೇಗೋತ್ಕರ್ಷದ 60 ಪಟ್ಟು. ಮಧ್ಯಾಹ್ನದ ನಿದ್ದೆಗೆ ಗಾಳಿ ಬೀಸುವ ಆ ಸಾಧು ಯಂತ್ರದಲ್ಲಿ ಇಷ್ಟೆಲ್ಲ ನಡೆದಿರುತ್ತದೆ.

ಐದನೆಯ ಹೆಜ್ಜೆ: ದಾರ ಹಿಡಿದು ಮಾಡಿ ನೋಡುವುದು

ಬೇಕಾದ ಸಾಮಾನು: ಖಾಲಿ ಬಾಲ್‌ಪೆನ್ನಿನ ಹೊರಕೊಳವೆ, ಒಂದು ಮೀಟರ್ ಗಟ್ಟಿ ದಾರ, ಅಕ್ಷರ ಅಳಿಸುವ ಒಂದು ರಬ್ಬರ್, ಒಂದಷ್ಟು ಕಬ್ಬಿಣದ ನಟ್ಟುಗಳು. ದಾರವನ್ನು ಕೊಳವೆಯೊಳಗೆ ಪೋಣಿಸಿ, ಮೇಲಿನ ತುದಿಗೆ ರಬ್ಬರನ್ನೂ ಕೆಳಗಿನ ತುದಿಗೆ ನಟ್ಟುಗಳನ್ನೂ ಕಟ್ಟಿರಿ. ರಬ್ಬರಿನ ಬದಲು ಕಲ್ಲನ್ನು ಕಟ್ಟಬಾರದು. ದಾರ ಹರಿದರೆ ಪಕ್ಕದ ಮನೆಯ ಕಿಟಕಿಗೆ ಭೌತಶಾಸ್ತ್ರ ತಿಳಿಯುವುದಿಲ್ಲ. ಕೊಳವೆಯ ಮೇಲ್ತುದಿಯಿಂದ ರಬ್ಬರಿನವರೆಗೆ ಅರ್ಧ ಮೀಟರ್ ದಾರ ಇರುವಾಗ, ಕೊಳವೆಯ ಕೆಳತುದಿಯಲ್ಲಿ ದಾರಕ್ಕೆ ಶಾಯಿಯ ಗುರುತು ಹಾಕಿ.

ಮೊದಲು ನಟ್ಟುಗಳ ತೂಕ ರಬ್ಬರಿನ ಮೂರರಷ್ಟಿರಲಿ. ಕೊಳವೆಯನ್ನು ಹಿಡಿದು ತಲೆಯ ಮೇಲೆ ರಬ್ಬರನ್ನು ಸುತ್ತಿಸಿ, ಶಾಯಿಯ ಗುರುತು ಮೇಲೂ ಹೋಗದೆ ಕೆಳಗೂ ಜಾರದೆ ನಿಲ್ಲುವಂತೆ ಜವವನ್ನು ಹೊಂದಿಸಿಕೊಳ್ಳಿ. ಇನ್ನೊಬ್ಬರು ಹತ್ತು ಸುತ್ತಿನ ಕಾಲವನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಲಿ, ಅದು 8.2 ಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಬಳಿಕ ನಟ್ಟುಗಳನ್ನು ನಾಲ್ಕು ಪಟ್ಟು ಮಾಡಿ. ಎಳೆತ ನಾಲ್ಕು ಪಟ್ಟಾದರೆ ಹತ್ತು ಸುತ್ತಿನ ಕಾಲ ಸರಿಯಾಗಿ ಅರ್ಧಕ್ಕೆ, 4.1 ಸೆಕೆಂಡಿಗೆ ಇಳಿಯಬೇಕು, ಅಂದರೆ ಜವ ಇಮ್ಮಡಿ. ಸೂತ್ರದೊಳಗಿನ ವರ್ಗವನ್ನು ಕೈಯಾರೆ ಮುಟ್ಟಿ ನೋಡಿದಂತಾಯಿತು. ಕೊಳವೆಯ ಅಂಚಿನ ಘರ್ಷಣೆಯಿಂದ ಒಂದಿಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ. ದಾರ ಪೂರ್ತಿ ಅಡ್ಡವಾಗಿ ನಿಲ್ಲದೆ ಕೆಳಕ್ಕೆ ವಾಲಿರುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ವಾಲಿಕೆಯಿಂದ ತ್ರಿಜ್ಯ ಎಷ್ಟು ಪಾಲು ಕುಗ್ಗುತ್ತದೆಯೋ ಕೇಂದ್ರದತ್ತ ಇರುವ ಎಳೆತವೂ ಅಷ್ಟೇ ಪಾಲು ಕುಗ್ಗುವುದರಿಂದ, ದಾರದ ಉದ್ದವನ್ನೇ ತ್ರಿಜ್ಯವೆಂದು ಹಿಡಿದು ಲೆಕ್ಕ ಮಾಡಿದರೆ ತಪ್ಪಾಗುವುದಿಲ್ಲ.

ದಾರ ಕೈಬಿಟ್ಟರೆ ರಬ್ಬರ್ ಎತ್ತ ಹೋಗುತ್ತದೆ? ಕೇಂದ್ರದಿಂದ ಹೊರಕ್ಕೆ ನೇರವಾಗಿ ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಇದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಉತ್ತರ ಜೋಳದ ಹೊಲದಲ್ಲಿದೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರು ಕಲ್ಲು ಹಕ್ಕಿಯತ್ತ ಮುಖ ಮಾಡಿದಾಗ ಕವಣೆಯ ಎಳೆಯನ್ನು ಬಿಡುವುದಿಲ್ಲ; ಅದಕ್ಕೆ ಸುಮಾರು ಕಾಲು ಸುತ್ತು ಮೊದಲೇ ಬಿಡುತ್ತಾರೆ. ಕಲ್ಲು ವೃತ್ತದ ಸ್ಪರ್ಶಕದ ಗುಂಟ ಹೋಗುತ್ತದೆ ಎಂಬುದು ಅವರ ಮಣಿಕಟ್ಟಿಗೆ ಗೊತ್ತು. ಎಳೆ ಬಿಟ್ಟ ಕ್ಷಣದಲ್ಲಿ ಒಳಕ್ಕೆ ಸೆಳೆಯುವ ಬಲ ಇಲ್ಲವಾಗುತ್ತದೆ, ಆಗ ಯಾವ ವೇಗವಿತ್ತೋ ಆ ದಿಕ್ಕಿನಲ್ಲಿಯೇ ಕಲ್ಲು ಹೊರಡುತ್ತದೆ.

ಆರನೆಯ ಹೆಜ್ಜೆ: ಆ ಬಲ ಕೊಡುವವರು ಯಾರು?

‘ಕೇಂದ್ರಾಭಿಮುಖ ಬಲ’ ಎಂಬುದು ಹೊಸದೊಂದು ಬಲದ ಹೆಸರಲ್ಲ, ಒಂದು ಕೆಲಸದ ಹೆಸರು. ಕವಣೆಯಲ್ಲಿ ಆ ಕೆಲಸವನ್ನು ಎಳೆಯ ಬಿಗಿತ ಮಾಡುತ್ತದೆ, ಸರ್ಕಲ್ಲಿನಲ್ಲಿ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಮಾಡುತ್ತದೆ, ಚಂದ್ರನಿಗೆ ಭೂಮಿಯ ಗುರುತ್ವ. ಆದ್ದರಿಂದ ಲೆಕ್ಕ ಬಿಡಿಸುವಾಗ ಬಿಗಿತ, ಘರ್ಷಣೆ, ತೂಕ ಇವುಗಳನ್ನೆಲ್ಲ ಚಿತ್ರದಲ್ಲಿ ಗುರುತಿಸಿದ ಮೇಲೆ ‘ಕೇಂದ್ರಾಭಿಮುಖ ಬಲ’ ಎಂದು ಇನ್ನೊಂದು ಬಾಣವನ್ನು ಸೇರಿಸಬಾರದು. ಇರುವ ಬಲಗಳ ಮೊತ್ತದಲ್ಲಿ ಕೇಂದ್ರದತ್ತ ಉಳಿಯುವ ಭಾಗವನ್ನು, ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧಕ್ಕೆ ಸಮ ಎಂದು ಬರೆದರೆ ಮುಗಿಯಿತು.

ಘಾಟಿಯ ಬಸ್ಸಿನಲ್ಲಿ ಕುಳಿತವರು ಇದನ್ನು ಒಪ್ಪುವುದು ಕಷ್ಟ. ಬಸ್ಸು ಬಲಕ್ಕೆ ತಿರುಗಿದಾಗ ನಮ್ಮ ಮೈ ಎಡಕ್ಕೆ, ಕಿಟಕಿಯ ಕಡೆಗೆ ಜರುಗುತ್ತದೆ. ಯಾರೋ ಹೊರಕ್ಕೆ ತಳ್ಳಿದಂತೆ ತೋರುತ್ತದೆ. ರಸ್ತೆಯ ಬದಿಯಲ್ಲಿ ನಿಂತು ನೋಡಿದವರಿಗೆ ಕಾಣುವುದೇ ಬೇರೆ: ಜಡತ್ವದಿಂದ ನಮ್ಮ ಮೈ ನೇರವಾಗಿ ಮುಂದಕ್ಕೆ ಹೋಗುತ್ತಿದೆ, ಬಸ್ಸು ಅದರ ಅಡಿಯಿಂದ ಬಲಕ್ಕೆ ಸರಿಯುತ್ತಿದೆ, ಕೊನೆಗೆ ಕಿಟಕಿಯ ಗೋಡೆ ಬಂದು ನಮ್ಮನ್ನು ಒಳಕ್ಕೆ ತಳ್ಳುತ್ತದೆ. ಬಸ್ಸಿನೊಳಗಿನ ನೋಟಕ್ಕೆ ಲೆಕ್ಕ ಹೊಂದಿಸಲು ಸೇರಿಸುವ ಹುಸಿಬಲವೇ ಕೇಂದ್ರಾಪಗಾಮಿ ಬಲ. ವೃತ್ತೀಯ ಚಲನೆಯ ನಿಯಮಗಳನ್ನು ಮೊದಲು ಪ್ರಕಟಿಸಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಕೇಂದ್ರಾಪಗಾಮಿ ಬಲದ ಮಾತನ್ನೇ ಆಡಿದ್ದನು. ಅದನ್ನು ತಿರುಗಿಸಿ ಕೇಂದ್ರಾಭಿಮುಖ ಎಂಬ ಪದವನ್ನು ಟಂಕಿಸಿದವನು ನ್ಯೂಟನ್. ಎರಡು ನೋಟಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಿದರೆ ಬಲಗಳು ಒಂದನ್ನೊಂದು ಅಳಿಸಿಹಾಕಿ ವಸ್ತು ನೇರವಾಗಿ ಹೋಗಬೇಕಾಗುತ್ತದೆ. ಮೊದಲ ಬಾರಿ ಕಲಿಯುವವರು ರಸ್ತೆಬದಿಯ ನೋಟಕ್ಕೇ ಅಂಟಿಕೊಳ್ಳುವುದು ಲೇಸು.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥದೊಂದು ತಿರುವಿನ ತ್ರಿಜ್ಯ 15 ಮೀಟರ್ ಎಂದೂ, ರಸ್ತೆ ಸಮತಟ್ಟು ಎಂದೂ ಭಾವಿಸಿ. ಘರ್ಷಣೆ ಕೊಡಬಲ್ಲ ಗರಿಷ್ಠ ವೇಗೋತ್ಕರ್ಷವು ಘರ್ಷಣಾಂಕ (ಟೈರಿಗೆ ರಸ್ತೆಯ ಮೇಲೆ ಎಷ್ಟು ಹಿಡಿತವಿದೆ ಎಂಬುದರ ಅಳತೆ) ಮತ್ತು 9.8ರ ಗುಣಲಬ್ಧ. ಒಣ ರಸ್ತೆಗೆ ಘರ್ಷಣಾಂಕ 0.7 ಎಂದು ಹಿಡಿದರೆ ಜಾರದೆ ತಿರುಗಬಹುದಾದ ಗರಿಷ್ಠ ಜವ ಗಂಟೆಗೆ 36 ಕಿ.ಮೀ.; ಮಳೆಯಲ್ಲಿ ಅದು 0.4ಕ್ಕೆ ಇಳಿದರೆ 27 ಕಿ.ಮೀ.ಗೆ ತುಸು ಮೇಲೆ ಅಷ್ಟೇ. ಸೂತ್ರದಲ್ಲಿ ದ್ರವ್ಯರಾಶಿ ಎರಡೂ ಬದಿಯಲ್ಲಿ ಹೊಡೆದುಹೋಗುವುದರಿಂದ ಸ್ಕೂಟರಿಗೂ ಲಾರಿಗೂ ಜಾರುವ ಮಿತಿ ಒಂದೇ. ಆದರೆ ಎತ್ತರಕ್ಕೆ ಹೇರಿದ ಲಾರಿ ಜಾರುವುದಕ್ಕೆ ಮೊದಲೇ ಮಗುಚಬಹುದು, ಅದು ಬೇರೆಯೇ ಲೆಕ್ಕ. ರಸ್ತೆಯ ಹೊರ ಅಂಚನ್ನು ಎತ್ತರಿಸುವುದು ಘರ್ಷಣೆಯ ಮೇಲಿನ ಈ ಭಾರವನ್ನು ತಗ್ಗಿಸುವುದಕ್ಕಾಗಿ; ರೈಲು ಹಳಿಯ ತಿರುವಿನಲ್ಲಿ ಹೊರಗಿನ ಕಂಬಿಯನ್ನು ಮೇಲೆ ಮಾಡುವುದು ಚಕ್ರದ ಅಂಚು ಕಂಬಿಯನ್ನು ಒತ್ತುವುದನ್ನು ತಗ್ಗಿಸುವುದಕ್ಕಾಗಿ. ಬೈಕ್ ಸವಾರ ವಾಲುವ ಕೋನವೂ ಇದೇ ಲೆಕ್ಕದಿಂದ ಬರುತ್ತದೆ: ನಮ್ಮ ಸರ್ಕಲ್ಲಿನ 2.5ನ್ನು 9.8ರಿಂದ ಭಾಗಿಸಿ ಬಂದ 0.255 ಯಾವ ಕೋನದ ಟ್ಯಾಂಜೆಂಟೋ ಆ ಕೋನ, ಸುಮಾರು 14 ಡಿಗ್ರಿ.

ಏಳನೆಯ ಹೆಜ್ಜೆ: ಚಂದ್ರನಿಗೆ ಹಾಕಿದ ಲೆಕ್ಕ

ಚಂದ್ರ ಭೂಮಿಯ ಕೇಂದ್ರದಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದು 27.3 ದಿನಕ್ಕೊಮ್ಮೆ ಸುತ್ತು ಮುಗಿಸುತ್ತಾನೆ. ದಿನಗಳನ್ನು ಸೆಕೆಂಡಿಗೂ ಕಿಲೋಮೀಟರನ್ನು ಮೀಟರಿಗೂ ಬದಲಿಸಿ, ಆವರ್ತ ಕಾಲದ ಸೂತ್ರಕ್ಕೆ ಹಾಕಿದರೆ ವೇಗೋತ್ಕರ್ಷ 0.0027 ಮೀ/ಸೆ² ಬರುತ್ತದೆ. ನೆಲದ ಮೇಲಿನ 9.8ನ್ನು ಇದರಿಂದ ಭಾಗಿಸಿದರೆ ಸುಮಾರು 3600. ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು; 60ರ ವರ್ಗ 3600. ಮರದಿಂದ ಬೀಳುವ ಹಣ್ಣನ್ನು ಎಳೆಯುವ ಬಲವೇ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿ ಚಂದ್ರನನ್ನೂ ಎಳೆದು ತಿರುಗಿಸುತ್ತಿದೆ ಎಂದು ನ್ಯೂಟನ್ ಕಂಡುಕೊಂಡದ್ದು ಈ ಹೋಲಿಕೆಯಿಂದಲೇ, ಮತ್ತು 1687ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಲೆಕ್ಕವಿದೆ. ಚಂದ್ರ ಭೂಮಿಯ ಕಡೆಗೆ ಸದಾ ಬೀಳುತ್ತಲೇ ಇದ್ದಾನೆ. ಅಡ್ಡಲಾಗಿ ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ಜವ ಇರುವುದರಿಂದ ಬೀಳುತ್ತಾ ಬೀಳುತ್ತಾ ಸುತ್ತುತ್ತಾನೆ.

ಕೊನೆಯ ಲೆಕ್ಕವನ್ನು ನೀವೇ ಮಾಡಿ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಭೂಮಿಯ ಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬರುತ್ತವೆ. ಮೊದಲು ಜವವನ್ನು, ಆಮೇಲೆ ವೇಗೋತ್ಕರ್ಷವನ್ನು ಕಂಡುಹಿಡಿದು, ಅದು 9.8ಕ್ಕಿಂತ ಎಷ್ಟು ಪಟ್ಟು ಕಡಿಮೆ ಎಂದು ನೋಡಿ. ಭೂಮಿಯ ತ್ರಿಜ್ಯ 6,371 ಕಿ.ಮೀ.; ದೂರಗಳ ಅನುಪಾತದ ವರ್ಗದೊಡನೆ ನಿಮ್ಮ ಉತ್ತರ ತಾಳೆಯಾಗಬೇಕು. ಜವ ಸೆಕೆಂಡಿಗೆ 3.07 ಕಿ.ಮೀ., ವೇಗೋತ್ಕರ್ಷ 0.224 ಮೀ/ಸೆ², ಅನುಪಾತ ಸುಮಾರು 44 ಬಂದಿದ್ದರೆ ಸರಿ. ಅನುಪಾತ ಎಲ್ಲೋ 44 ಸಾವಿರದ ಆಸುಪಾಸಿನಲ್ಲಿ ಬಂದಿದ್ದರೆ ಕಿಲೋಮೀಟರನ್ನು ಮೀಟರಿಗೆ ಬದಲಿಸುವುದು ಮರೆತುಹೋಗಿದೆ, ಸೊನ್ನೆಗೆ ತೀರ ಹತ್ತಿರ ಬಂದಿದ್ದರೆ ಗಂಟೆಯನ್ನು ಸೆಕೆಂಡು ಮಾಡಿಲ್ಲ; ಆ ಸಾಲಿಗೆ ಹಿಂತಿರುಗಿ ನೋಡಿ.